ಸೈನಿಕ ಮತ್ತೆ ವಿದ್ಯಾರ್ಥಿಯಾದಾಗ



ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತ ಕಾವಲುಗಾರರನ್ನು ನೀವೆಲ್ಲ ನೋಡಿದ್ದೀರಿ. ಅವರಲ್ಲಿ ಅನೇಕರು ಮಾಜಿ ಸೈನಿಕರು. ನೀವು ಕಾಲೇಜಿನಲ್ಲಿ ಕಳೆಯುವ ವರ್ಷಗಳನ್ನು ಅವರು ಗಡಿಯಲ್ಲಿ ಕಳೆದವರು. ಸಮವಸ್ತ್ರ ಕಳಚಿ ಊರಿಗೆ ಮರಳಿದಾಗ ಅವರಿಗೆ ಇನ್ನೂ ದುಡಿಯುವ ವಯಸ್ಸು. ಮನೆಯಲ್ಲಿ ಓದುವ ಮಕ್ಕಳಿರುತ್ತಾರೆ. ಮುಂದೇನು ಎಂಬ ಪ್ರಶ್ನೆ ಆಗ ಏಳುತ್ತದೆ.

ಈ ಪ್ರಶ್ನೆ ಎಲ್ಲ ದೇಶಗಳಲ್ಲೂ ಇದೆ. ಅಮೆರಿಕ ಇದಕ್ಕೆ ಕಂಡುಕೊಂಡ ಒಂದು ಉತ್ತರವನ್ನು ಇಂದು ನಿಮ್ಮ ಮುಂದಿಡುತ್ತೇನೆ. ಅಲ್ಲಿ ಸೇವೆ ಮುಗಿಸಿದ ಸೈನಿಕ ಸರ್ಕಾರದ ಹಣದಲ್ಲಿ ಓದಬಹುದು. ಹಲವರು ಎಂಜಿನಿಯರಿಂಗ್ ಓದುತ್ತಾರೆ, ಹಲವರು ಇತಿಹಾಸ ಓದುತ್ತಾರೆ. ಕೆಲವರು ಅದೇ ಹಣದಲ್ಲಿ ಅಂಗರಕ್ಷಕನಾಗಲು, ಅಂದರೆ ಇನ್ನೊಬ್ಬರ ಪ್ರಾಣ ಕಾಯುವ ವೃತ್ತಿಗೆ, ತರಬೇತಿ ಪಡೆಯುತ್ತಾರೆ. ಮೊದಲ ಬಾರಿಗೆ ಇದನ್ನು ಕೇಳಿದಾಗ ನನಗೂ ಅಚ್ಚರಿಯಾಯಿತು. ಶಿಕ್ಷಣಕ್ಕೆಂದು ಇಟ್ಟ ಹಣದಲ್ಲಿ ಅಂಗರಕ್ಷಣೆಯ ತರಬೇತಿಯೇ? ಇದೂ ಶಿಕ್ಷಣವೇ? ಈಗಾಗಲೇ ಬಂದೂಕು ಹಿಡಿದವನಿಗೆ ಇದರಲ್ಲಿ ಕಲಿಯಲು ಏನಿದೆ?

ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲ ಮಹಾಯುದ್ಧದಲ್ಲಿ ಹೋರಾಡಿ ಬಂದ ಸೈನಿಕರಿಗೆ ಅಮೆರಿಕ ಸರ್ಕಾರ ಬೋನಸ್ ಕೊಡುವುದಾಗಿ 1924ರಲ್ಲಿ ಮಾತು ಕೊಟ್ಟಿತು. ಆದರೆ ಹಣ ಕೈಗೆ ಸಿಗುವುದು 1945ರಲ್ಲಿ ಎಂದಿತು. ಅಷ್ಟರಲ್ಲಿ ಆರ್ಥಿಕ ಮುಗ್ಗಟ್ಟು ಬಂತು. ಕೆಲಸವಿಲ್ಲದ ಸಾವಿರಾರು ಮಾಜಿ ಸೈನಿಕರು 1932ರ ಬೇಸಿಗೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ವಾಷಿಂಗ್ಟನ್ ನಗರಕ್ಕೆ ಬಂದು ಗುಡಿಸಲು ಹಾಕಿ ಕುಳಿತರು. ಜುಲೈ 28ರಂದು ಸೈನ್ಯವೇ ಅವರನ್ನು ಅಲ್ಲಿಂದ ಓಡಿಸಿತು. ನಿನ್ನೆಯ ಸೈನಿಕರ ಮೇಲೆ ಇಂದಿನ ಸೈನಿಕರನ್ನು ಕಳಿಸಿದ ಆ ದಿನವನ್ನು ಆ ದೇಶ ಮರೆಯಲಿಲ್ಲ.

ಎರಡನೆಯ ಮಹಾಯುದ್ಧ ಮುಗಿಯುವ ಮೊದಲೇ ಸರ್ಕಾರ ಎಚ್ಚೆತ್ತಿತು. 1944ರ ಜೂನ್ 22ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಒಂದು ಕಾಯ್ದೆಗೆ ಸಹಿ ಹಾಕಿದರು. ಜನ ಅದನ್ನು ಜಿ.ಐ. ಬಿಲ್ ಎಂದು ಕರೆದರು. ಜಿ.ಐ. ಎಂಬುದು ಅಮೆರಿಕದ ಸಾಮಾನ್ಯ ಸಿಪಾಯಿಗೆ ಇದ್ದ ಅಡ್ಡಹೆಸರು. ಓದುವ ಸೈನಿಕನ ಶುಲ್ಕ, ಪುಸ್ತಕಗಳಿಗೆ ವರ್ಷಕ್ಕೆ 500 ಡಾಲರ್‌ವರೆಗೆ, ಮೇಲೆ ಜೀವನ ನಿರ್ವಹಣೆಗೆ ತಿಂಗಳಿಗೆ ಇಷ್ಟು ಎಂದು ಸರ್ಕಾರ ಕೊಟ್ಟಿತು. ಯುದ್ಧ ಮಾಡಿದ ಸುಮಾರು 1 ಕೋಟಿ 60 ಲಕ್ಷ ಮಂದಿಯಲ್ಲಿ 78 ಲಕ್ಷ ಮಂದಿ ಈ ಸೌಲಭ್ಯ ಬಳಸಿಕೊಂಡರು.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಿ. ಈ 78 ಲಕ್ಷದಲ್ಲಿ ಕಾಲೇಜು, ವಿಶ್ವವಿದ್ಯಾನಿಲಯಗಳಿಗೆ ಹೋದವರು 22 ಲಕ್ಷ. ಉಳಿದ 56 ಲಕ್ಷ ಮಂದಿ ಶಾಲೆಯ ಓದು ಮುಂದುವರಿಸಿದರು, ಕಸುಬು ಕಲಿತರು, ಕಾರ್ಖಾನೆಯಲ್ಲಿ ದುಡಿಯುತ್ತಲೇ ತರಬೇತಿ ಪಡೆದರು, ಬೇಸಾಯ ಕಲಿತರು. ಪದವಿ ಮಾತ್ರ ಶಿಕ್ಷಣ ಎಂದು ಆ ಕಾಯ್ದೆ ಮೊದಲ ದಿನದಿಂದಲೂ ಭಾವಿಸಿರಲಿಲ್ಲ. ಆದರೆ ಅದರ ಫಲ ಎಲ್ಲರಿಗೂ ಸಮನಾಗಿ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಕಪ್ಪು ಜನಾಂಗದ ಸೈನಿಕರು ಅದೇ ಯುದ್ಧದಲ್ಲಿ ಹೋರಾಡಿದ್ದರು. ಆದರೂ ದಕ್ಷಿಣದ ರಾಜ್ಯಗಳ ಬಹಳಷ್ಟು ಕಾಲೇಜುಗಳು ಅವರಿಗೆ ಬಾಗಿಲು ತೆರೆಯಲಿಲ್ಲ.

ಆ ಕಾಯ್ದೆಯ ಇಂದಿನ ರೂಪ 2008ರಲ್ಲಿ ಅಂಗೀಕಾರವಾಗಿ, 2009ರ ಆಗಸ್ಟ್ 1ರಿಂದ ಜಾರಿಗೆ ಬಂತು. ಅದರಂತೆ ಸೈನಿಕನಿಗೆ ಸಾಮಾನ್ಯವಾಗಿ 36 ತಿಂಗಳ ಶಿಕ್ಷಣದ ಹಕ್ಕು ಸಿಗುತ್ತದೆ. ಶುಲ್ಕದ ಜೊತೆಗೆ ವಾಸದ ಭತ್ಯೆಯೂ ಇದೆ. ಮೊದಲ ಎರಡು ವರ್ಷ ಈ ಹೊಸ ಕಾಯ್ದೆ ಪದವಿ ನೀಡುವ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 2011ರ ಅಕ್ಟೋಬರ್‌ನಿಂದ ಪದವಿ ನೀಡದ ವೃತ್ತಿ ತರಬೇತಿ ಶಾಲೆಗಳೂ ಸೇರಿದವು. ಸರ್ಕಾರದ ಮನ್ನಣೆ ಪಡೆದ ಅಂಗರಕ್ಷಣೆಯ ತರಬೇತಿ ಶಾಲೆಗೆ ಸೈನಿಕ ಸೇರುವುದು ಈ ಬಾಗಿಲಿನಿಂದ.

ಇನ್ನು ಅಲ್ಲಿ ಕಲಿಸುವುದೇನು ಎಂದು ನೋಡೋಣ. ಸಿನಿಮಾದಲ್ಲಿ ಅಂಗರಕ್ಷಕ ಎಂದರೆ ಕಪ್ಪು ಕನ್ನಡಕ, ಹೊಡೆದಾಟ. ನಿಜವಾದ ತರಬೇತಿಯಲ್ಲಿ ಹೊಡೆದಾಟದ ಪಾಲು ಸಣ್ಣದು. ಹೆಚ್ಚಿನ ಸಮಯ ಮುನ್ನೋಟದ ಕೆಲಸಕ್ಕೆ ಹೋಗುತ್ತದೆ. ನಾಳೆ ರಕ್ಷಿಸಬೇಕಾದ ವ್ಯಕ್ತಿ ಒಂದು ಸಭೆಗೆ ಹೋಗಬೇಕಾಗಿದೆ ಎನ್ನಿ. ಅಂಗರಕ್ಷಕ ಇಂದೇ ಆ ಕಟ್ಟಡ ನೋಡಿ ಬರುತ್ತಾನೆ. ಬಾಗಿಲುಗಳು ಎಷ್ಟು, ಕಾರು ಎಲ್ಲಿ ನಿಲ್ಲಬೇಕು, ದಾರಿ ಕಟ್ಟಿದರೆ ಬದಲಿ ದಾರಿ ಯಾವುದು, ಹತ್ತಿರದ ಆಸ್ಪತ್ರೆ ಎಲ್ಲಿದೆ ಎಂದು ಬರೆದಿಟ್ಟುಕೊಳ್ಳುತ್ತಾನೆ. ಪ್ರಥಮ ಚಿಕಿತ್ಸೆ, ಸುರಕ್ಷಿತ ಚಾಲನೆ, ಹಿಂಬಾಲಿಸುವವರನ್ನು ಗುರುತಿಸುವುದು, ಸಿಟ್ಟಾದವನನ್ನು ಮಾತಿನಲ್ಲಿ ಸಮಾಧಾನಪಡಿಸುವುದು, ಬಲಪ್ರಯೋಗಕ್ಕೆ ಕಾನೂನು ಹಾಕಿರುವ ಮಿತಿ, ವರದಿ ಬರೆಯುವುದು, ಇವೆಲ್ಲ ಪಾಠಗಳೇ.

ಸೈನಿಕನಿಗೆ ಇಲ್ಲಿ ಒಂದು ಕಷ್ಟವಿದೆ. ಯುದ್ಧಭೂಮಿಯಲ್ಲಿ ಗುಂಡಿನ ಸದ್ದು ಕೇಳಿದರೆ ಅವನು ಶತ್ರುವಿನ ಕಡೆಗೆ ತಿರುಗುತ್ತಾನೆ. ಅದೇ ಅವನು ಕಲಿತ ಪಾಠ. ಅಂಗರಕ್ಷಕನ ಮೊದಲ ಕರ್ತವ್ಯ ಬೇರೆ. ತನ್ನ ದೇಹವನ್ನು ಅಡ್ಡ ಹಿಡಿದು, ರಕ್ಷಿಸಬೇಕಾದವರನ್ನು ಅಲ್ಲಿಂದ ಸಾಗಿಸಬೇಕು.

1981ರ ಮಾರ್ಚ್ 30ರಂದು ವಾಷಿಂಗ್ಟನ್‌ನ ಹೋಟೆಲೊಂದರ ಹೊರಗೆ ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ಮೇಲೆ ಗುಂಡಿನ ದಾಳಿ ನಡೆಯಿತು. ಎರಡು ಸೆಕೆಂಡಿನೊಳಗೆ ಆರು ಗುಂಡುಗಳು ಹಾರಿದವು. ಸೀಕ್ರೆಟ್ ಸರ್ವಿಸ್‌ನ ಟಿಮ್ ಮೆಕಾರ್ಥಿ ಗುಂಡು ಬಂದ ಕಡೆಗೆ ಎದೆಯೊಡ್ಡಿ ನಿಂತರು, ಒಂದು ಗುಂಡು ಅವರ ದೇಹ ಹೊಕ್ಕಿತು. ಜೆರ್ರಿ ಪಾರ್ ಅಧ್ಯಕ್ಷರನ್ನು ಕಾರಿನೊಳಗೆ ತಳ್ಳಿದರು. ಕಾರು ಶ್ವೇತಭವನದ ಕಡೆಗೆ ಹೊರಟಿತ್ತು. ಅಧ್ಯಕ್ಷರ ಬಾಯಿಯಿಂದ ನೊರೆಗೂಡಿದ ಕೆಂಪು ರಕ್ತ ಬರುವುದನ್ನು ಕಂಡ ಪಾರ್, ಶ್ವಾಸಕೋಶಕ್ಕೆ ಪೆಟ್ಟಾಗಿದೆ ಎಂದು ಊಹಿಸಿ ಕಾರನ್ನು ಆಸ್ಪತ್ರೆಗೆ ತಿರುಗಿಸಿದರು. ಅಧ್ಯಕ್ಷರು ಉಳಿದರು, ಮೆಕಾರ್ಥಿ ಅವರೂ ಚೇತರಿಸಿಕೊಂಡರು. ಅಂದು ರಕ್ಷಕರು ಒಂದು ಗುಂಡನ್ನೂ ಹಾರಿಸಲಿಲ್ಲ. ಅವರು ಸರ್ಕಾರಿ ರಕ್ಷಕರು, ಅವರ ತರಬೇತಿ ದೊಡ್ಡದು. ಆದರೆ ಖಾಸಗಿ ಅಂಗರಕ್ಷಕ ಕಲಿಯಬೇಕಾದ ಮೂಲಪಾಠವೂ ಇದೇ. ರಕ್ತದ ಬಣ್ಣ ನೋಡಿ ಗಾಯ ಎಲ್ಲಿದೆಯೆಂದು ತಿಳಿಯುವುದು ಶಿಕ್ಷಣವಲ್ಲ ಎಂದು ಯಾರು ಹೇಳಿಯಾರು?

ಸೈನಿಕನೂ ಹೊಸದಾಗಿ ಕಲಿಯಬೇಕು ಎಂಬುದನ್ನು ನಮ್ಮ ದೇಶದ ನಿಯಮಗಳೂ ಒಪ್ಪಿವೆ. ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ 2005ರಲ್ಲಿ ಬಂತು. ಅದರಡಿ ಕೇಂದ್ರ ಸರ್ಕಾರ 2006ರಲ್ಲಿ ರೂಪಿಸಿದ ಮಾದರಿ ನಿಯಮಗಳು ಕಾವಲುಗಾರನಿಗೆ ಕನಿಷ್ಠ 100 ಗಂಟೆಗಳ ತರಗತಿ ಪಾಠ, 60 ಗಂಟೆಗಳ ಹೊರಾಂಗಣ ತರಬೇತಿ ಇರಬೇಕೆಂದವು. ಮಾಜಿ ಸೈನಿಕರಿಗೆ ಇದನ್ನು 40 ಮತ್ತು 16 ಗಂಟೆಗಳಿಗೆ ಇಳಿಸಿದವು, ಆದರೆ ಪೂರ್ತಿಯಾಗಿ ಕೈಬಿಡಲಿಲ್ಲ. ನಿವೃತ್ತಿಯ ಹೊಸ್ತಿಲಲ್ಲಿರುವ ಸೈನಿಕರಿಗೆ ನಮ್ಮ ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯವೂ ವೃತ್ತಿ ಕೋರ್ಸುಗಳನ್ನು ನಡೆಸುತ್ತದೆ.

ಈಗ ಹಣದ ವಿಷಯ. ಜಿ.ಐ. ಬಿಲ್ ಬಂದ ಹೊಸದರಲ್ಲಿ ಸರ್ಕಾರದ ಹಣದ ವಾಸನೆ ಹಿಡಿದು ಅಮೆರಿಕದಲ್ಲಿ ನಾಯಿಕೊಡೆಗಳಂತೆ ಶಾಲೆಗಳು ಎದ್ದವು. ಕೆಲವು ನೃತ್ಯ ಕಲಿಸಿದವು, ಕೆಲವು ಏನನ್ನೂ ಕಲಿಸಲಿಲ್ಲ. ಸೈನಿಕನ ಹಕ್ಕಿನ ತಿಂಗಳುಗಳು ಕರಗಿದವು, ಕೆಲಸ ಸಿಗಲಿಲ್ಲ. ಆ ಕಹಿ ಅನುಭವದಿಂದ ಹುಟ್ಟಿದ ನಿಯಮಗಳು ಇಂದಿಗೂ ಇವೆ. ಶಾಲೆಗೆ ರಾಜ್ಯದ ಅಧಿಕೃತ ಸಂಸ್ಥೆಯ ಅಥವಾ ಮಾಜಿ ಸೈನಿಕರ ಇಲಾಖೆಯ ಮನ್ನಣೆ ಬೇಕು. ಖಾಸಗಿ ವೃತ್ತಿ ಶಾಲೆಯ ಕೋರ್ಸು ಸಾಮಾನ್ಯವಾಗಿ ಎರಡು ವರ್ಷವಾದರೂ ನಡೆದಿರಬೇಕು. ಹವ್ಯಾಸಕ್ಕೆ, ಮನರಂಜನೆಗೆ ಕಲಿಯುವುದಕ್ಕೆ ಹಣವಿಲ್ಲ. ವ್ಯಕ್ತಿತ್ವ ವಿಕಸನದ ಕೋರ್ಸಿಗೂ ಹಣವಿಲ್ಲ ಎಂದು ಕಾನೂನು ಹೆಸರಿಸಿಯೇ ಹೇಳಿದೆ. ಆದ್ದರಿಂದ ತನ್ನ ಆತ್ಮರಕ್ಷಣೆಗೆ ಕರಾಟೆ ಕಲಿಯುವುದು ಬೇರೆ, ಇನ್ನೊಬ್ಬರನ್ನು ರಕ್ಷಿಸುವ ವೃತ್ತಿಗೆ ತರಬೇತಿ ಪಡೆಯುವುದು ಬೇರೆ.

ಇನ್ನೊಂದು ನಿಯಮ ನನಗೆ ಬಹಳ ಮೆಚ್ಚಿಗೆಯಾಯಿತು. ಕೊರಿಯಾ ಯುದ್ಧದ ಸಮಯದಲ್ಲಿ, 1952ರಲ್ಲಿ, ಇದು ಬಂತು. ಒಂದು ಕೋರ್ಸಿನಲ್ಲಿ ಸರ್ಕಾರದ ಈ ಹಣದಿಂದ ಓದುವವರು ನೂರಕ್ಕೆ 85ಕ್ಕಿಂತ ಹೆಚ್ಚಿರಬಾರದು. ನೂರರಲ್ಲಿ 15 ಮಂದಿಯಾದರೂ ಬೇರೆ ಹಣ ತೆತ್ತು ಸೇರಿರಬೇಕು. ಕೋರ್ಸಿನಲ್ಲಿ ಸತ್ವವಿದ್ದರೆ ಜನ ತಮ್ಮ ಜೇಬಿನಿಂದ ಕೊಟ್ಟಾದರೂ ಸೇರುತ್ತಾರೆ, ಸತ್ವವಿಲ್ಲದಿದ್ದರೆ ಸೇರುವುದಿಲ್ಲ ಎಂಬ ಸರಳ ತರ್ಕ. ವಿಜ್ಞಾನ ಓದಿದ ನನಗೆ ಇದು ಪ್ರಯೋಗಾಲಯದ ಪರೀಕ್ಷೆಯಂತೆಯೇ ಕಂಡಿತು.

ಇಷ್ಟೆಲ್ಲ ಇದ್ದೂ ಅಪಾಯ ತಪ್ಪಿಲ್ಲ. 2016ರಲ್ಲಿ ಅಮೆರಿಕದ ದೊಡ್ಡ ಖಾಸಗಿ ಶಿಕ್ಷಣ ಸಂಸ್ಥೆಯೊಂದು ಇದ್ದಕ್ಕಿದ್ದಂತೆ ಬಾಗಿಲು ಮುಚ್ಚಿತು. ಅಲ್ಲಿ ಓದುತ್ತಿದ್ದ ಸಾವಿರಾರು ಮಾಜಿ ಸೈನಿಕರು ನಡುನೀರಿನಲ್ಲಿ ನಿಂತರು. ಶಾಲೆ ಮುಚ್ಚಿಹೋದರೆ ಕಳೆದುಹೋದ ತಿಂಗಳುಗಳನ್ನು ಮರಳಿ ಕೊಡಲು ಅವಕಾಶ ಮಾಡಿದ್ದು 2017ರ ತಿದ್ದುಪಡಿ. ಪೆಟ್ಟು ಬಿದ್ದ ಮೇಲೆ ಬಂದ ಔಷಧ ಅದು.

ಆ ನಡುನೀರು ಎಂಥದೆಂದು ನನಗೆ ಸ್ವಲ್ಪ ಗೊತ್ತು. ನಾನು ಬಿ.ಎಸ್ಸಿ. ಮುಗಿಸಿದ ಕಾಲಕ್ಕೆ ಬೀದಿಗೊಂದು ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಕೋರ್ಸು ಮುಗಿಸಿದರೆ ಕೆಲಸ ಖಚಿತ ಎಂಬ ಫಲಕ ನೋಡಿ ನಾನೂ ಒಂದಕ್ಕೆ ಸೇರಿದೆ. ನಮ್ಮ ತಂದೆ ಸಹಕಾರ ಸಂಘದಲ್ಲಿ ಸಾಲ ತೆಗೆದು ಶುಲ್ಕ ಕಟ್ಟಿದ್ದರು. ಐದನೆಯ ತಿಂಗಳು ಒಂದು ಸೋಮವಾರ ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ನಾವು ಹತ್ತಾರು ಜನ ಮಧ್ಯಾಹ್ನದವರೆಗೆ ಕುಳಿತಿದ್ದೆವು, ಯಾರೂ ಬರಲಿಲ್ಲ. ನಾನು ಮನೆಗೆ ಹೋಗಿ ವಿಷಯ ಹೇಳಲು ವಾರ ಹಿಡಿಯಿತು. ತಂದೆ ಬೈಯಲಿಲ್ಲ. "ಸೇರೋಕೆ ಮುಂಚೆ ಅಲ್ಲಿ ಕಲಿತೋರನ್ನ ಒಬ್ಬರನ್ನಾದರೂ ಕೇಳಿದ್ಯೇನಪ್ಪಾ?" ಎಂದಷ್ಟೇ ಕೇಳಿದರು. ನಾನು ಕೇಳಿರಲಿಲ್ಲ. ಸಾಲ ತೀರಲು ಎರಡು ವರ್ಷ ಬೇಕಾಯಿತು.

ಆದ್ದರಿಂದ ಆ ಅಮೆರಿಕದ ಸೈನಿಕ ಕೇಳಬೇಕಾದ ಪ್ರಶ್ನೆಗಳು ನಿಮ್ಮವೂ ಹೌದು. ಈ ಶಾಲೆಗೆ ಮನ್ನಣೆ ಕೊಟ್ಟವರು ಯಾರು? ಇಲ್ಲಿ ಕಲಿತು ಹೋದವರು ಈಗ ಎಲ್ಲಿ, ಏನು ಕೆಲಸ ಮಾಡುತ್ತಿದ್ದಾರೆ? ಈ ಪ್ರಮಾಣಪತ್ರ ಇದ್ದರೆ ಸಾಕೇ, ಅಥವಾ ಬೇರೆ ಪರವಾನಗಿಯೂ ಬೇಕೇ? ಅಮೆರಿಕದಲ್ಲಿ ಖಾಸಗಿ ಭದ್ರತೆಯ ಪರವಾನಗಿಯ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇದನ್ನು ವಿಚಾರಿಸದೆ ಕೋರ್ಸು ಮುಗಿಸಿದವನು ಪ್ರಮಾಣಪತ್ರ ಹಿಡಿದು ಮನೆಯಲ್ಲೇ ಕೂರಬೇಕಾದೀತು. ಕೊನೆಯದಾಗಿ, ಈ ಕೋರ್ಸಿಗೆ ಕೊಡುವ ತಿಂಗಳುಗಳನ್ನು ಬೇರೆ ಯಾವ ಓದಿಗೆ ಕೊಡಬಹುದಿತ್ತು? 36 ತಿಂಗಳು ಎಂದರೆ ಮೂರು ವರ್ಷ. ಅದಕ್ಕಾಗಿ ಅವನು ತನ್ನ ಯೌವನದ ವರ್ಷಗಳನ್ನು ಕೊಟ್ಟಿದ್ದಾನೆ.

ಅಂಗರಕ್ಷಕನ ತರಬೇತಿ ಶಿಕ್ಷಣವೇ ಎಂದು ಆರಂಭದಲ್ಲಿ ಕೇಳಿದೆವು. ಕಲಿಸುವವರು ಪ್ರಾಮಾಣಿಕರಾಗಿದ್ದು, ಕಲಿತದ್ದು ಅನ್ನಕ್ಕೆ ದಾರಿಯಾಗಿ, ಇನ್ನೊಬ್ಬರ ಜೀವಕ್ಕೆ ಆಸರೆಯಾದರೆ ಅದು ಖಂಡಿತ ಶಿಕ್ಷಣವೇ. ಪದವಿ ತರಗತಿಯೇ ಆದರೂ ಇವು ಇಲ್ಲದಿದ್ದರೆ ಅದು ಬರೀ ಕಾಲಹರಣ.

ಈ ವರ್ಷ ನಿಮ್ಮಲ್ಲಿ ಹಲವರು ಯಾವುದೋ ಕೋರ್ಸಿನ ಅರ್ಜಿ ತುಂಬುತ್ತೀರಿ. ಅದರ ಶುಲ್ಕಕ್ಕಾಗಿ ಮನೆಯಲ್ಲಿ ಯಾರೋ ದುಡಿದಿರುತ್ತಾರೆ. ಸಹಿ ಹಾಕುವ ಮೊದಲು, ಅಲ್ಲಿ ಕಲಿತ ಒಬ್ಬರನ್ನಾದರೂ ಹುಡುಕಿ ಮಾತನಾಡಿಸಿ. ನಾನು ಅಂದು ಮಾಡದ ಕೆಲಸ ಅದೊಂದೇ.