ಪಾರಿಜಾತದ ನೆರೆಹೊರೆ

ಪಾರಿಜಾತವನ್ನು ಬೆಳೆಸುವುದು ಪ್ರಯಾಸದ ಕಾರ್ಯವೇನಲ್ಲ. ಅದರ ಚಪ್ಪಟೆಯಾದ ಕಾಯಿ ಒಣಗಿ ಇಬ್ಭಾಗವಾದಾಗ ಹೋಳಿಗೊಂದರಂತೆ ಎರಡು ಬೀಜ ದೊರೆಯುತ್ತವೆ. ಬಿತ್ತಿದರಾಯಿತು. ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಎಲೆಯೋ ಉಪ್ಪುಕಾಗದದಷ್ಟು ಒರಟು. ಹೂವಿಲ್ಲದ ತಿಂಗಳುಗಳಲ್ಲಿ ಅದರತ್ತ ಯಾರೂ ಕಣ್ಣೆತ್ತಿ ನೋಡುವುದಿಲ್ಲ.

ಮಳೆಗಾಲ ಕಳೆಯುತ್ತ ಬಂದಂತೆ ಅದರ ವೈಭವವೇ ಬೇರೆ. ಮುಸ್ಸಂಜೆಗೆ ಬಿರಿದ ಹೂ ಇರುಳೆಲ್ಲ ಕಂಪು ಚೆಲ್ಲಿ, ಬೆಳಗಾಗುವ ಹೊತ್ತಿಗೆ ಸದ್ದಿಲ್ಲದೆ ಉದುರುತ್ತದೆ. 1753ರಲ್ಲಿ ಲಿನೇಯಸ್ ಇದಕ್ಕೆ ‘ನಿಕ್ಟಾಂಥಿಸ್ ಆರ್ಬೊರ್ ಟ್ರಿಸ್ಟಿಸ್’ ಎಂದು ಹೆಸರಿಟ್ಟ. ಇರುಳಲ್ಲಿ ಅರಳುವ ದುಃಖವೃಕ್ಷವೆಂದು ಅದರರ್ಥ. ಈ ದುಃಖ ನನಗೇನೋ ಒಪ್ಪಿಗೆಯಾಗದು. ನೆಲಕ್ಕೆ ಬಿದ್ದ ಹೂವನ್ನು ದೇವರಿಗೇರಿಸಲೊಲ್ಲದ ನಮ್ಮ ಮಡಿವಂತರೂ ಇದೊಂದಕ್ಕೆ ವಿನಾಯಿತಿ ಕೊಟ್ಟಿದ್ದಾರಲ್ಲ! ಹಿಂದೆ ಇದರ ಕೇಸರಿ ತೊಟ್ಟಿನಿಂದ ಬಟ್ಟೆಗೆ ಬಣ್ಣವನ್ನೂ ತೆಗೆಯುತ್ತಿದ್ದರು.

ಸತ್ಯಭಾಮೆಯ ಹಟಕ್ಕೆ ಕೃಷ್ಣನು ಸ್ವರ್ಗದಿಂದ ಮರವನ್ನೇ ತಂದ ಪ್ರಸಂಗ ತಮಗೆ ತಿಳಿದದ್ದೇ. ಕುಲಗೋಡು ತಮ್ಮಣ್ಣನ ಹೆಸರಿನೊಡನೆ ಬೆಸೆದಿರುವ ‘ಶ್ರೀಕೃಷ್ಣ ಪಾರಿಜಾತ’ ಉತ್ತರ ಕರ್ನಾಟಕದ ಊರೂರುಗಳಲ್ಲಿ ಇರುಳು ಬೆಳಗು ಆಡಿದ ಆಟ. ಮರ ನಿಂತದ್ದು ಭಾಮೆಯ ಅಂಗಳದಲ್ಲಿ, ಹೂ ಬಿದ್ದದ್ದು ರುಕ್ಮಿಣಿಯ ಅಂಗಳದಲ್ಲಿ ಎಂದು ಜನ ಹೇಳುವ ಕತೆಯನ್ನು ತರಗತಿಯಲ್ಲಿ ಎಷ್ಟೋ ವರ್ಷ ನಗುನಗುತ್ತ ಹೇಳಿದ್ದೆ.

ನಮ್ಮ ಮನೆಯ ಮರವೂ ಗೋಡೆಯಾಚೆಗೆ ಬಾಗಿತ್ತು. ನೀರಿನ ಕೊಳವೆಯ ವ್ಯಾಜ್ಯದಿಂದ ಆಚೆಮನೆಯವರಿಗೂ ನನಗೂ ಮಾತು ನಿಂತಿತ್ತು. ನನ್ನ ಮರದ ಹೂ ಅವರಿಗೇಕೆ ಎಂದು, ಒಂದು ಭಾದ್ರಪದದಲ್ಲಿ, ಹೂವಿನ ಭರದಲ್ಲೇ ಆ ಕೊಂಬೆಯನ್ನು ಕಡಿಸಿಬಿಟ್ಟೆ. ಮರುದಿನ ನಸುಕಿನಲ್ಲಿ ನೋಡುತ್ತೇನೆ, ಅವರ ವೃದ್ಧ ತಾಯಿ ಬುಟ್ಟಿ ಹಿಡಿದು ಗೋಡೆಯ ಬುಡದಲ್ಲಿ ಕುಳಿತು ನೆಲವನ್ನು ಕೈಯಿಂದ ತಡವುತ್ತಿದ್ದಾರೆ. ಕಣ್ಣು ಮಂದವಾಗಿದ್ದ ಆಕೆಗೆ ಕೊಂಬೆಯಿಲ್ಲದ್ದು ಕಂಡಿರಲಿಲ್ಲ. ನನ್ನ ಹೆಜ್ಜೆಯ ಸಪ್ಪಳ ಕೇಳಿ, “ಹೂವು ಇಷ್ಟು ಬೇಗ ಮುಗಿಯಿತೇ, ಮೇಷ್ಟ್ರೇ?” ಎಂದರು.

ಹೌದೆಂದೆ. ಮೂವತ್ತು ವರ್ಷ ಪಾಠ ಹೇಳಿದ ನಾಲಗೆಗೆ ಬೇರೇನೂ ತೋಚಲಿಲ್ಲ.

ಪಾರಿಜಾತ ಕತ್ತರಿಗೆ ಅಂಜುವ ಗಿಡವಲ್ಲ. ಹೊಸ ಚಿಗುರಿನಲ್ಲಿಯೇ ಅದು ಹೂ ಬಿಡುವುದು. ಆದರೆ ಸವರುವುದು ಹೂವಿನ ಕಾಲ ಮುಗಿದ ಮೇಲೆ. ಮುಂದಿನ ಮಳೆಗೆ ಗೋಡೆಯತ್ತಲೇ ನಾಲ್ಕು ರೆಂಬೆಗಳು ಚಾಚಿದವು. ನಾನು ಕತ್ತರಿ ಮುಟ್ಟಲಿಲ್ಲ. ಅವು ಆಚೆ ತಲಪುವತನಕ, ಉಳಿದ ಕೊಂಬೆಗಳ ಹೂವನ್ನು ಬಾಳೆಲೆಯಲ್ಲಿ ಹಾಕಿ ಗೋಡೆಯ ಮೇಲೆ ಇಡುತ್ತಿದ್ದೆ. ಎರಡು ದಿನ ಅದು ಅಲ್ಲೇ ಬಾಡಿತು. ಮೂರನೆಯ ಬೆಳಗ್ಗೆ ಅದನ್ನು ಎತ್ತಿಕೊಳ್ಳಲು ಬಂದವರು ಆಕೆಯ ಮಗ. ಕೊಳವೆಯ ಮಾತನ್ನು ಇಂದಿನವರೆಗೂ ನಾವಿಬ್ಬರೂ ಎತ್ತಿಲ್ಲ.