ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ಗೋಗಿಯ ಕೊಳವೆ ಬಾವಿ: ಇ-ಜರ್ನಲ್‌ಗಳನ್ನು ಗ್ರಾಮ ಪಂಚಾಯಿತಿ ಬಳಸಿಕೊಳ್ಳುವ ಬಗೆ

(ಶಹಾಪುರ ತಾಲ್ಲೂಕು ಗೋಗಿ ಭಾಗದ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಗೋಗಿಯ ಹೆಸರು ಎರಡು ಕಾರಣಗಳಿಂದ ದೂರದ ವಿದ್ವಾಂಸರಿಗೂ ಪರಿಚಿತವಾಗಿದೆ. ಒಂದು, ಬಿಜಾಪುರದ ಆದಿಲ್‌ಶಾಹಿ ಮನೆತನದ ಮೂಲಪುರುಷ ಯೂಸುಫ್ ಆದಿಲ್ ಶಾಹ ಹಾಗೂ ಆತನ ನಂತರದ ಕೆಲವು ಅರಸರ ಗೋರಿಗಳು ಇಲ್ಲಿಯ ಚಂದಾ ಹುಸೇನಿ ದರ್ಗಾದ ಬಳಿ ಇವೆ. ಇನ್ನೊಂದು, ಈ ನೆಲದಡಿಯ ಯುರೇನಿಯಂ. ಇಲ್ಲಿಯ ಸುಣ್ಣಕಲ್ಲು ಮತ್ತು ಅದರ ಕೆಳಗಿನ ಗ್ರಾನೈಟ್ ಶಿಲೆಗಳಲ್ಲಿ ಯುರೇನಿಯಂ ನಿಕ್ಷೇಪವಿರುವುದನ್ನು ಕೇಂದ್ರ ಸರ್ಕಾರದ ಪರಮಾಣು ಖನಿಜ ನಿರ್ದೇಶನಾಲಯವು ಗುರುತಿಸಿತು. ಬಳಿಕ ಯುರೇನಿಯಂ ಕಾರ್ಪೊರೇಷನ್ ಆಫ್ ಇಂಡಿಯಾ ಸಂಸ್ಥೆಯು ಪರಿಶೋಧನಾ ಗಣಿ ಕಾಮಗಾರಿಯನ್ನು ಕೈಗೊಂಡಿತು. ಅಂದಿನಿಂದ ಗ್ರಾಮಸ್ಥರ ಮನಸ್ಸಿನಲ್ಲಿ ಒಂದು ಪ್ರಶ್ನೆ ನೆಲೆಸಿದೆ: ದಿನವೂ ಕುಡಿಯುವ ಕೊಳವೆ ಬಾವಿಯ ನೀರು ಹೇಗಿದೆ?

ಈ ಪ್ರಶ್ನೆಯನ್ನು ಗ್ರಾಮಸ್ಥರು ಮಾತ್ರ ಕೇಳಿಲ್ಲ. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಭೂವಿಜ್ಞಾನ ಸಂಶೋಧಕರು ಗೋಗಿ ಪ್ರದೇಶದ ನೀರನ್ನು ಅಧ್ಯಯನ ಮಾಡಿ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಗೋಗಿಯ ಯುರೇನಿಯಂ ವಲಯ ಹಾಗೂ ಅದರ ಸುತ್ತಲಿನ ಅಂತರ್ಜಲದ ಗುಣಮಟ್ಟವನ್ನು ಕುರಿತ ಪ್ರಬಂಧವು 2017ರಲ್ಲಿ ‘ಅರೇಬಿಯನ್ ಜರ್ನಲ್ ಆಫ್ ಜಿಯೋಸೈನ್ಸಸ್’ ಎಂಬ ನಿಯತಕಾಲಿಕೆಯಲ್ಲಿ ಬಂದಿತು. ಪ್ರಸ್ತಾವಿತ ಗಣಿಯ ಸುತ್ತ ಮೇಲ್ಮೈ ನೀರು ಮತ್ತು ಅಂತರ್ಜಲ ಒಂದರೊಡನೊಂದು ಹೇಗೆ ಬೆರೆಯುತ್ತವೆ ಎಂಬುದನ್ನು ಕುರಿತ ಇನ್ನೊಂದು ಪ್ರಬಂಧವು 2019ರಲ್ಲಿ ‘ಜರ್ನಲ್ ಆಫ್ ಅರ್ತ್ ಸಿಸ್ಟಮ್ ಸೈನ್ಸ್’ನಲ್ಲಿ ಬಂದಿತು. ಊರಿನ ನೀರನ್ನು ಕುರಿತ ಬರಹಗಳು ಹೀಗೆ ಅಚ್ಚಾಗಿವೆ. ಅವು ಊರಿಗೆ ಮರಳಿ ತಲುಪುವ ದಾರಿ ಯಾವುದು ಎಂಬುದೇ ಈ ಉಪನ್ಯಾಸದ ವಿಷಯ.

ಇ-ಜರ್ನಲ್ ಎಂದರೇನು, ಅದಕ್ಕೆ ಬೀಗವೇಕೆ

ಜರ್ನಲ್ ಎಂದರೆ ಸಂಶೋಧನಾ ನಿಯತಕಾಲಿಕೆ. ಸಂಶೋಧಕನು ಕಳುಹಿಸಿದ ಪ್ರಬಂಧವನ್ನು ಅದೇ ವಿಷಯ ಬಲ್ಲ ಬೇರೆ ತಜ್ಞರು ಪರಿಶೀಲಿಸಿ, ಒಪ್ಪಿದ ಮೇಲೆ ಅದು ಪ್ರಕಟವಾಗುತ್ತದೆ. ಹಿಂದೆ ಇವು ಮುದ್ರಿತ ಸಂಚಿಕೆಗಳಾಗಿ ಅಂಚೆಯಲ್ಲಿ ಬಂದು ಗ್ರಂಥಾಲಯದ ಕಪಾಟು ಸೇರುತ್ತಿದ್ದವು. ಈಗ ಬಹುಪಾಲು ಅಂತರಜಾಲದಲ್ಲೇ ಪ್ರಕಟವಾಗುತ್ತವೆ. ಅವನ್ನೇ ಇ-ಜರ್ನಲ್ ಎನ್ನುತ್ತಾರೆ.

ಪ್ರಬಂಧದ ಶೀರ್ಷಿಕೆ, ಲೇಖಕರ ಹೆಸರು ಮತ್ತು ಅರ್ಧ ಪುಟದ ಸಾರಾಂಶವನ್ನು ಯಾರು ಬೇಕಾದರೂ ಓದಬಹುದು. ಪೂರ್ಣ ಪಾಠ ಮಾತ್ರ ಅನೇಕ ಜರ್ನಲ್‌ಗಳಲ್ಲಿ ಹಣ ಕಟ್ಟಿದವರಿಗಷ್ಟೇ ತೆರೆಯುತ್ತದೆ. ಒಂದೇ ಪ್ರಬಂಧದ ಬೆಲೆ ಎರಡು-ಮೂರು ಸಾವಿರ ರೂಪಾಯಿಗಳಷ್ಟಾಗುವುದುಂಟು. ಬಾವಿಗಳ ಸ್ಥಳ, ಮಾದರಿ ತೆಗೆದ ತಿಂಗಳು, ಕೋಷ್ಟಕಗಳು, ನಕ್ಷೆಗಳು ಇವೆಲ್ಲ ಇರುವುದು ಪೂರ್ಣ ಪಾಠದಲ್ಲಿ. ಪಂಚಾಯಿತಿಗೆ ಬೇಕಾದುದೂ ಅದೇ.

ವಿಶ್ವವಿದ್ಯಾಲಯಗಳು ಈ ಬೀಗವನ್ನು ಚಂದಾ ಕೊಟ್ಟು ತೆರೆಸುತ್ತವೆ. ವಿಶ್ವವಿದ್ಯಾಲಯದ ಆವರಣದಲ್ಲಿರುವ ಗಣಕಯಂತ್ರಗಳ ಜಾಲ ವಿಳಾಸವನ್ನು ಪ್ರಕಾಶಕರಲ್ಲಿ ನೋಂದಾಯಿಸಲಾಗಿರುತ್ತದೆ. ಆ ಯಂತ್ರದಲ್ಲಿ ಜರ್ನಲ್ ತೆರೆದೊಡನೆ ಪ್ರಕಾಶಕರ ತಾಣವು ವಿಳಾಸವನ್ನು ಗುರುತಿಸಿ, ಪಾಸ್‌ವರ್ಡ್ ಕೇಳದೆಯೇ ಪೂರ್ಣ ಪಾಠವನ್ನು ಕೊಡುತ್ತದೆ. ಆವರಣದ ಹೊರಗಿರುವ ವಿದ್ಯಾರ್ಥಿ ಮತ್ತು ಅಧ್ಯಾಪಕರು ಗ್ರಂಥಾಲಯ ನೀಡಿದ ಲಾಗಿನ್ ಮೂಲಕ ಮನೆಯಿಂದಲೂ ಓದಬಹುದು.

ಚಂದಾ ಹಣ ಸಾರ್ವಜನಿಕರದು

ಬಿಡಿಬಿಡಿಯಾಗಿ ಚಂದಾ ಕಟ್ಟುವುದು ದುಬಾರಿಯೆಂದು ಗ್ರಂಥಾಲಯಗಳು ಕೂಡಿ ಕೊಳ್ಳುವ ಪದ್ಧತಿ ನಮ್ಮ ದೇಶದಲ್ಲಿ ಬೆಳೆದು ಬಂದಿದೆ. ಕೃಷಿ ಸಂಸ್ಥೆಗಳಿಗಾಗಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2007ರಲ್ಲಿ ‘ಸೆರಾ’ ಎಂಬ ಒಕ್ಕೂಟವನ್ನು ಆರಂಭಿಸಿತು. ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ 2015ರಲ್ಲಿ ‘ಇ-ಶೋಧಸಿಂಧು’ ರೂಪುಗೊಂಡಿತು. ಆ ಬಳಿಕ ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್ 25ರಂದು ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಅನುಮೋದನೆ ನೀಡಿತು. 2025, 2026 ಮತ್ತು 2027, ಈ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ಇದಕ್ಕೆ ಒದಗಿಸಲಾಗಿದೆ. 30 ಪ್ರಕಾಶಕರ ಸುಮಾರು 13,000 ಇ-ಜರ್ನಲ್‌ಗಳು 6,300ಕ್ಕೂ ಹೆಚ್ಚು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ದೊರೆಯುವಂತೆ ಇದನ್ನು ರೂಪಿಸಲಾಗಿದೆ. ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರವು ಇದನ್ನು ನಿರ್ವಹಿಸುತ್ತದೆ.

ಈ 6,000 ಕೋಟಿ ರೂಪಾಯಿ ತೆರಿಗೆಯ ಹಣ. ಗೋಗಿಯ ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಂಡವರೂ ಅದಕ್ಕೆ ಪಾಲು ಕೊಟ್ಟಿದ್ದಾರೆ. ಆದರೆ ಯೋಜನೆಯ ಫಲಾನುಭವಿಗಳು ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಂಶೋಧಕರು. ಗ್ರಾಮ ಪಂಚಾಯಿತಿಗೆ ಪ್ರತ್ಯೇಕ ಲಾಗಿನ್ ಇಲ್ಲ. ಆದ್ದರಿಂದ ಪಂಚಾಯಿತಿಯು ನಿಯಮಕ್ಕೆ ಒಳಪಟ್ಟ ದಾರಿಗಳನ್ನು ಅರಿತು ನಡೆಯಬೇಕಾಗುತ್ತದೆ. ಅಂತಹ ದಾರಿಗಳು ಐದು ಇವೆ.

ಐದು ದಾರಿಗಳು

ಮೊದಲನೆಯದು, ಬೀಗವೇ ಇಲ್ಲದವನ್ನು ಮೊದಲು ನೋಡುವುದು. ‘ಜರ್ನಲ್ ಆಫ್ ಅರ್ತ್ ಸಿಸ್ಟಮ್ ಸೈನ್ಸ್’ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆ; ಅಕಾಡೆಮಿಯು ತನ್ನ ಪತ್ರಿಕೆಗಳನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಓದಲು ಇಟ್ಟಿದೆ. ಗೋಗಿಯನ್ನು ಕುರಿತ 2019ರ ಪ್ರಬಂಧವನ್ನು ಅಲ್ಲಿ ಹುಡುಕಬಹುದು. ‘ಕರೆಂಟ್ ಸೈನ್ಸ್’ ಪತ್ರಿಕೆಯೂ ಹೀಗೆಯೇ ದೊರೆಯುತ್ತದೆ. ಪಿಎಚ್.ಡಿ. ಮಹಾಪ್ರಬಂಧಗಳಿಗಾಗಿ ಇನ್‌ಫ್ಲಿಬ್‌ನೆಟ್ ನಡೆಸುವ ‘ಶೋಧಗಂಗಾ’ ಎಂಬ ಭಂಡಾರವು ಎಲ್ಲರಿಗೂ ತೆರೆದಿದೆ. ಗುಲಬರ್ಗಾ ವಿಶ್ವವಿದ್ಯಾಲಯದ ಮಹಾಪ್ರಬಂಧಗಳೂ ಅದರಲ್ಲಿವೆ. ಶಹಾಪುರ, ಸುರಪುರ, ಯಾದಗಿರಿ ಎಂಬ ಹೆಸರುಗಳನ್ನು ಕೊಟ್ಟು ಹುಡುಕಿದರೆ ಈ ಭಾಗದ ಇತಿಹಾಸ, ನೀರಾವರಿ, ಕೃಷಿಯನ್ನು ಕುರಿತ ಅಧ್ಯಯನಗಳು ಸಿಗುವ ಸಂಭವವಿದೆ. ಇಂಗ್ಲಿಷಿನಲ್ಲಿ ಊರಿನ ಹೆಸರನ್ನು ಬೇರೆ ಬೇರೆ ರೀತಿಯಲ್ಲಿ ಬರೆಯುವುದರಿಂದ ಎರಡು-ಮೂರು ಕಾಗುಣಿತಗಳಲ್ಲಿ ಹುಡುಕುವುದು ಒಳಿತು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಗಣಕಯಂತ್ರದಲ್ಲೇ ಈ ಕೆಲಸ ಆಗುತ್ತದೆ.

ಎರಡನೆಯದು, ಊರಿನ ವಿದ್ಯಾರ್ಥಿಗಳು. ಯಾದಗಿರಿ ಜಿಲ್ಲೆಯ ಪದವಿ ಕಾಲೇಜುಗಳು ಈಗ ರಾಯಚೂರಿನ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯ ಮತ್ತು ಆಳಂದ ತಾಲ್ಲೂಕು ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿಯೂ ಈ ಭಾಗದ ಮಕ್ಕಳು ಓದುತ್ತಾರೆ. ನೋಂದಾಯಿತ ಸರ್ಕಾರಿ ಸಂಸ್ಥೆಯ ವಿದ್ಯಾರ್ಥಿಗೆ ಇ-ಜರ್ನಲ್ ಓದುವ ಹಕ್ಕಿದೆ. ವಿದ್ಯಾರ್ಥಿಯು ತಾನು ಓದಿ, ಅರ್ಥ ಮಾಡಿಕೊಂಡು, ಕನ್ನಡದಲ್ಲಿ ಸಾರವನ್ನು ಸಭೆಗೆ ಹೇಳಬಹುದು. ಆದರೆ ತನ್ನ ಪಾಸ್‌ವರ್ಡನ್ನು ಬೇರೆಯವರಿಗೆ ಕೊಡಕೂಡದು. ಹಾಗೆ ಕೊಟ್ಟರೆ ಇಡೀ ಸಂಸ್ಥೆಯ ಪ್ರವೇಶಕ್ಕೆ ತೊಡಕಾಗಬಹುದು.

ಮೂರನೆಯದು, ವಿಶ್ವವಿದ್ಯಾಲಯದ ಗ್ರಂಥಪಾಲಕರಿಗೆ ಪತ್ರ. ಪಂಚಾಯಿತಿಯ ಅಧ್ಯಕ್ಷರು ಅಥವಾ ಅಭಿವೃದ್ಧಿ ಅಧಿಕಾರಿಗಳು ಪಂಚಾಯಿತಿಯ ಪತ್ರಶೀರ್ಷಿಕೆಯಲ್ಲಿ ಬರೆಯುವುದು ಯೋಗ್ಯ. ಪತ್ರದಲ್ಲಿ ಪ್ರಬಂಧದ ಶೀರ್ಷಿಕೆ, ಜರ್ನಲ್‌ನ ಹೆಸರು, ವರ್ಷ ಮತ್ತು ಡಿಒಐ ಸಂಖ್ಯೆ ಇರಬೇಕು. ಡಿಒಐ ಎಂಬುದು ಪ್ರತಿ ಪ್ರಬಂಧಕ್ಕೂ ಕೊಟ್ಟಿರುವ ಸ್ಥಿರ ಗುರುತಿನ ಸಂಖ್ಯೆ. ಸಾರಾಂಶದ ಪುಟದಲ್ಲಿಯೇ ಅದು ಸಿಗುತ್ತದೆ. “ನೀರಿನ ಬಗ್ಗೆ ಮಾಹಿತಿ ಬೇಕು” ಎಂದಷ್ಟೇ ಬರೆದರೆ ಗ್ರಂಥಪಾಲಕರಿಗೆ ಹುಡುಕುವುದು ಕಷ್ಟ. ಯಾವ ಪ್ರಬಂಧ, ಯಾವ ಉದ್ದೇಶಕ್ಕೆ ಎಂದು ಬರೆದರೆ ಕೆಲಸ ಸುಲಭವಾಗುತ್ತದೆ. ಗ್ರಂಥಾಲಯಕ್ಕೆ ಬಂದು ಕುಳಿತು ಓದಲು ಪಂಚಾಯಿತಿಯ ಪ್ರತಿನಿಧಿಗೆ ಅವಕಾಶವಿದೆಯೇ ಎಂಬುದನ್ನೂ ಅದೇ ಪತ್ರದಲ್ಲಿ ಕೇಳಬಹುದು. ಚಂದಾ ಒಪ್ಪಂದದ ಷರತ್ತುಗಳನ್ನು ನೋಡಿ ಗ್ರಂಥಪಾಲಕರು ತೀರ್ಮಾನಿಸುತ್ತಾರೆ.

ನಾಲ್ಕನೆಯದು, ಹತ್ತಿರದ ಕೃಷಿ ಸಂಸ್ಥೆಗಳು. ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿ ಕೃಷಿ ಮಹಾವಿದ್ಯಾಲಯವಿದೆ. ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಎರಡೂ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು. ತೊಗರಿಯ ಗೊಡ್ಡು ರೋಗ, ಹತ್ತಿಯ ಗುಲಾಬಿ ಕಾಯಿಕೊರಕ, ಕಾಲುವೆ ಕೆಳಗಿನ ಜಮೀನು ಸವಳಾಗುವುದು ಮುಂತಾದವುಗಳ ಹೊಸ ಸಂಶೋಧನೆಯನ್ನು ಅಲ್ಲಿಯ ವಿಜ್ಞಾನಿಗಳು ಓದಿ ವಿವರಿಸಬಲ್ಲರು. ಪಂಚಾಯಿತಿಯು ಪ್ರಶ್ನೆಯನ್ನು ಬರೆದು ಕಳುಹಿಸಬೇಕಷ್ಟೆ.

ಐದನೆಯದು, ಪ್ರಬಂಧದ ಲೇಖಕರನ್ನೇ ಕೇಳುವುದು. ಪ್ರತಿ ಪ್ರಬಂಧದಲ್ಲೂ ಒಬ್ಬ ಲೇಖಕರ ಇ-ಮೇಲ್ ವಿಳಾಸವಿರುತ್ತದೆ. ಪ್ರತಿಯನ್ನು ಕೇಳಿ ಬರೆಯುವುದು ವಿದ್ವಾಂಸರಲ್ಲಿ ರೂಢಿಯಲ್ಲಿರುವ ಕ್ರಮ. ತಮ್ಮ ಬಾವಿಯಿಂದ ಮಾದರಿ ಒಯ್ದವರಿಗೆ ಫಲಿತಾಂಶವೇನೆಂದು ಕೇಳಲು ಗ್ರಾಮಕ್ಕೆ ಸಂಕೋಚ ಬೇಕಿಲ್ಲ.

ಓದುವಾಗ ನೋಡಬೇಕಾದುದು

ಪ್ರಬಂಧ ಕೈಸೇರಿದ ಮೇಲೆ ಅದನ್ನು ಸರಿಯಾಗಿ ಓದುವುದು ಇನ್ನೂ ಮುಖ್ಯ. ಅರ್ಧ ಓದಿ ಹೇಳಿದ ಮಾತು ಊರಿನಲ್ಲಿ ವಿನಾಕಾರಣ ಭಯ ಹುಟ್ಟಿಸಬಹುದು, ಅಥವಾ ಸುಳ್ಳು ಧೈರ್ಯ ಕೊಡಬಹುದು. ನಾಲ್ಕು ಅಂಶಗಳನ್ನು ಗಮನಿಸತಕ್ಕದ್ದು.

ಮಾದರಿಯನ್ನು ಯಾವಾಗ ತೆಗೆದರು? ಪ್ರಕಟವಾದ ವರ್ಷ ಬೇರೆ, ಮಾದರಿ ತೆಗೆದ ವರ್ಷ ಬೇರೆ. ಮಳೆಗಾಲದ ಮೊದಲು ಮತ್ತು ನಂತರ ಅದೇ ಬಾವಿಯ ನೀರಿನಲ್ಲಿ ವ್ಯತ್ಯಾಸವಿರುತ್ತದೆ.

ಎಲ್ಲಿಂದ ತೆಗೆದರು? ನಕ್ಷೆಯಲ್ಲಿ ಗುರುತಿಸಿದ ಬಾವಿ ಕುಡಿಯುವ ನೀರಿನದೋ, ಹೊಲದ್ದೋ? ಅದರ ಆಳವೆಷ್ಟು?

ಯಾವ ಮಾನದಲ್ಲಿ ಅಳೆದರು? ಯುರೇನಿಯಂ ಪ್ರಮಾಣವನ್ನು ಒಂದು ಲೀಟರಿನಲ್ಲಿ ಇಷ್ಟು ಮೈಕ್ರೋಗ್ರಾಂ ಎಂದು ಬರೆಯುತ್ತಾರೆ; ಇದನ್ನೇ ‘ಪಿಪಿಬಿ’ ಎಂದೂ ಸೂಚಿಸುವುದುಂಟು. ಒಂದು ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೋಗ್ರಾಂ. ಈ ಭೇದವನ್ನು ಮರೆತರೆ ಲೆಕ್ಕ ಸಾವಿರ ಪಟ್ಟು ತಪ್ಪುತ್ತದೆ.

ಯಾವ ಮಿತಿಯೊಡನೆ ಹೋಲಿಸಿದರು? ವಿಶ್ವ ಆರೋಗ್ಯ ಸಂಸ್ಥೆಯು ಕುಡಿಯುವ ನೀರಿಗೆ ಲೀಟರಿಗೆ 30 ಮೈಕ್ರೋಗ್ರಾಂ ಎಂದು ಸೂಚಿಸಿದೆ; ಭಾರತೀಯ ಮಾನಕ ಬ್ಯೂರೋದ ಮಿತಿಯೂ ಈಗ ಅದೇ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ 60 ಮೈಕ್ರೋಗ್ರಾಂ. ಒಂದು ಬಾವಿಯಲ್ಲಿ 45 ಮೈಕ್ರೋಗ್ರಾಂ ಕಂಡುಬಂದಿತೆಂದು ಭಾವಿಸಿದರೆ, 60ರ ಮಿತಿಯನ್ನು ಹಿಡಿದ ಪ್ರಬಂಧವು ಅದನ್ನು ಸುರಕ್ಷಿತವೆನ್ನುತ್ತದೆ, 30ರ ಮಿತಿಯನ್ನು ಹಿಡಿದ ಪ್ರಬಂಧವು ಅಲ್ಲವೆನ್ನುತ್ತದೆ. ನೀರು ಒಂದೇ, ಮಾತು ಎರಡು. ಸಾರಾಂಶವನ್ನಷ್ಟೇ ಓದಿದವರಿಗೆ ಈ ಸಂಗತಿ ತಿಳಿಯದೇ ಹೋಗಬಹುದು. ಪೂರ್ಣ ಪಾಠ ಬೇಕೆನ್ನುವುದು ಇದಕ್ಕಾಗಿಯೇ.

ಓದಿದ ಮೇಲೆ ಪಂಚಾಯಿತಿ ಮಾಡಬೇಕಾದುದು

ಪ್ರಬಂಧವು ಇಂದಿನ ನೀರಿನ ಪರೀಕ್ಷಾ ವರದಿಯಲ್ಲ. ಯಾವ ಬಾವಿಯನ್ನು ಮೊದಲು ಪರೀಕ್ಷಿಸಬೇಕು, ಯಾವ ಅಂಶಕ್ಕಾಗಿ ಪರೀಕ್ಷಿಸಬೇಕು ಎಂಬುದನ್ನು ಅದು ತಿಳಿಸುತ್ತದೆ. ಗ್ರಾಮಗಳಿಗೆ ನೀಡಿರುವ ಕ್ಷೇತ್ರ ಪರೀಕ್ಷಾ ಕಿಟ್‌ಗಳು ಫ್ಲೋರೈಡ್, ನೈಟ್ರೇಟ್, ಗಡಸುತನ ಮುಂತಾದವನ್ನು ತೋರಿಸುತ್ತವೆ. ಯುರೇನಿಯಂ ಅವುಗಳಲ್ಲಿ ಕಾಣುವುದಿಲ್ಲ. ಅದಕ್ಕೆ ಸೂಕ್ತ ಉಪಕರಣವಿರುವ ಪ್ರಯೋಗಾಲಯವೇ ಬೇಕು. ಗ್ರಾಮ ಸಭೆಯಲ್ಲಿ ಚರ್ಚಿಸಿ, ಬಾವಿಗಳ ಹೆಸರು ಸಹಿತ ಠರಾವು ಮಾಡಿ, ಪ್ರಬಂಧದ ವಿವರವನ್ನು ಉಲ್ಲೇಖಿಸಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಗೆ ಕಳುಹಿಸಿದರೆ ಬೇಡಿಕೆಗೆ ತೂಕ ಬರುತ್ತದೆ. ಪರೀಕ್ಷೆಯಲ್ಲಿ ಮಿತಿ ಮೀರಿದ್ದು ಕಂಡರೆ ನೀರನ್ನು ಕುದಿಸುವುದು ಪರಿಹಾರವಲ್ಲ. ಕುದಿಸುವುದರಿಂದ ಯುರೇನಿಯಂ ಹೋಗುವುದಿಲ್ಲ. ಬೇರೆ ಜಲಮೂಲ, ಇಲ್ಲವೇ ರಿವರ್ಸ್ ಆಸ್ಮೋಸಿಸ್‌ನಂತಹ ಸೂಕ್ತ ಶುದ್ಧೀಕರಣ ಘಟಕ ಬೇಕಾಗುತ್ತದೆ. ಇಂತಹ ನೀರು ಬಹುಕಾಲ ದೇಹ ಸೇರಿದರೆ ಮುಖ್ಯವಾಗಿ ಮೂತ್ರಪಿಂಡಕ್ಕೆ ಹಾನಿಯ ಸಂಭವವಿರುವುದರಿಂದ ವಿಷಯವನ್ನು ಮುಂದೂಡುವುದು ತರವಲ್ಲ.

ಪ್ರತಿಯ ಬಳಕೆಯಲ್ಲೂ ಮಿತಿಯಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯು ಸ್ವಂತ ಅಧ್ಯಯನ ಮತ್ತು ಸಂಶೋಧನೆಗಾಗಿ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದೆ. ಚಂದಾದಿಂದ ಪಡೆದ ಇಡೀ ಪ್ರಬಂಧವನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಂಚುವುದು ಸಲ್ಲದು. ಆದರೆ ಸಂಗತಿಗಳಿಗೆ ಹಕ್ಕುಸ್ವಾಮ್ಯವಿಲ್ಲ. ಪ್ರಬಂಧದಲ್ಲಿರುವ ವಿಷಯವನ್ನು ಸ್ವಂತ ಮಾತಿನಲ್ಲಿ ಕನ್ನಡದಲ್ಲಿ ಒಂದು ಪುಟ ಬರೆದು, ಮೂಲವನ್ನು ಹೆಸರಿಸಿ, ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕಲು ಅಡ್ಡಿಯಿಲ್ಲ.

ಆ ಒಂದು ಪುಟಕ್ಕೆ ನೆಲೆ ಅರಿವು ಕೇಂದ್ರವೇ ಆಗಬೇಕು. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಧೀನಕ್ಕೆ ಬಂದವು. ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂಬ ಅರ್ಥದ್ದು. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕೆಂಬುದು. ಗೋಗಿಯ ನೀರನ್ನು ಕುರಿತ ಪ್ರಬಂಧಕ್ಕೆ ಗೋಗಿಯ ಜನರಿಗಿಂತ ಹತ್ತಿರದ ಓದುಗರು ಬೇರೆ ಯಾರಿದ್ದಾರೆ?

ಆದ್ದರಿಂದ ಅರಿವು ಕೇಂದ್ರದಲ್ಲಿ ‘ಗ್ರಾಮದ ಅಧ್ಯಯನಗಳು’ ಎಂಬ ಕಡತವೊಂದನ್ನು ತೆರೆಯುವುದು ಉಚಿತ. ಊರಿನ ನೀರು, ಮಣ್ಣು, ಬೆಳೆ, ಸ್ಮಾರಕಗಳ ಬಗ್ಗೆ ಪ್ರಕಟವಾದ ಪ್ರತಿ ಪ್ರಬಂಧದ ಹೆಸರು, ವರ್ಷ, ಡಿಒಐ ಮತ್ತು ಒಂದು ಪುಟದ ಕನ್ನಡ ಸಾರ ಅದರಲ್ಲಿರಲಿ. ಇನ್ನು ಮುಂದೆ ಮಾದರಿ ತೆಗೆಯಲು ಬರುವ ಸಂಶೋಧಕರಿಗೆ ಸಹಕರಿಸುವಾಗಲೇ, ಫಲಿತಾಂಶದ ಒಂದು ಪ್ರತಿಯನ್ನು ಪಂಚಾಯಿತಿಗೆ ಕಳುಹಿಸಬೇಕೆಂದು ಬರಹದಲ್ಲಿ ಕೋರಬಹುದು. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವ ಸಭೆಗೆ ಆ ಕಡತವನ್ನು ತಂದಿಟ್ಟರೆ, ನೀರಿನ ಕಾಮಗಾರಿ ಎಲ್ಲಿ ಮೊದಲು ಆಗಬೇಕೆಂಬ ಚರ್ಚೆಗೆ ಆಧಾರ ದೊರೆಯುತ್ತದೆ.

ಮೇಲೆ ಹೇಳಿದ ಎರಡು ಪ್ರಬಂಧಗಳಿಂದಲೇ ಈ ಕೆಲಸವನ್ನು ಆರಂಭಿಸಬಹುದು. ಒಂದನ್ನು ಅರಿವು ಕೇಂದ್ರದಲ್ಲಿ ಕುಳಿತೇ ಹುಡುಕಬಹುದು. ಇನ್ನೊಂದಕ್ಕೆ ಗ್ರಂಥಪಾಲಕರಿಗೆ ಒಂದು ಪತ್ರ ಸಾಕು. ಬರುವ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಪತ್ರ ಬರೆಯುವ ಹೊಣೆಯನ್ನು ಒಬ್ಬ ಸದಸ್ಯರಿಗೆ ವಹಿಸಿಕೊಡಲು ಕೋರಲಾಗಿದೆ.