ಶುಕ್ರವಾರದ ಬೀಗ

ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಉಳಿದ ದಿನಗಳಲ್ಲೂ ಮಧ್ಯಾಹ್ನ ಒಂದಿಷ್ಟು ಹೊತ್ತು ಬಾಗಿಲು ಹಾಕಿರುತ್ತದೆ. ತಿಂಡಿಗಳ ಪಟ್ಟಿ ಚಿಕ್ಕದು. ಜನ ಹೋಗುವುದೇ ಮಸಾಲೆ ದೋಸೆಗೆ. ಆದರೂ ಹೊರಗಿನ ಸಾಲು ಕರಗಿಲ್ಲ. ಬಾಗಿಲು ತೆರೆದಿಟ್ಟಷ್ಟೂ ಗಲ್ಲಾಪೆಟ್ಟಿಗೆ ತುಂಬುತ್ತದೆ ಎಂಬ ನಂಬಿಕೆಯನ್ನು ಒಮ್ಮೆ ತಕ್ಕಡಿಗೆ ಹಾಕಿ ನೋಡಲು ಇಷ್ಟು ಸಾಕು.

ಹೆಸರಾದ ಹೋಟೆಲಿನ ಮಾತು ಬೀದಿಬದಿಯ ದಿನಸಿ ಅಂಗಡಿಗೆ ಒಪ್ಪುತ್ತದೆಯೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಲ್ಲಿ ಬಾಗಿಲು ಮುಚ್ಚಿದರೆ ಗಿರಾಕಿ ಪಕ್ಕದಂಗಡಿಗೆ ನಡೆಯುತ್ತಾನೆ. ಆದರೆ ಅಂಗಡಿಯವರ ಹೊತ್ತನ್ನು ತಿನ್ನುವುದು ಗಿರಾಕಿಯೊಬ್ಬನೇ ಅಲ್ಲ, ಗಲ್ಲಾದ ಹಿಂದಿನ ಕೆಲಸವೂ ಹೌದು. ಒಂದೇ ಬಗೆಯ ಸಾಬೂನು ಎಂಟು ಹೆಸರಿನಲ್ಲಿದ್ದರೆ ಎಂಟು ಸಲ ತರಿಸಬೇಕು, ಎಂಟು ಬಿಲ್ಲು ತೀರಿಸಬೇಕು. ಉದ್ರಿ ಪುಸ್ತಕವಂತೂ ರಾತ್ರಿಯ ನಿದ್ದೆಯನ್ನೇ ಕೇಳುತ್ತದೆ. ತೆರಿಗೆಯಲ್ಲೂ ಸರಳ ದಾರಿಯಿದೆ: ವರ್ಷದ ವಹಿವಾಟು ಒಂದೂವರೆ ಕೋಟಿ ರೂಪಾಯಿಯೊಳಗಿರುವ ವರ್ತಕರು ಜಿಎಸ್‌ಟಿಯ ರಾಜಿ ತೆರಿಗೆ ಪದ್ಧತಿ ಆರಿಸಿಕೊಂಡರೆ ಶೇಕಡಾ 1ರಷ್ಟನ್ನು ಮೂರು ತಿಂಗಳಿಗೊಮ್ಮೆ ಕಟ್ಟಿ, ವರ್ಷಕ್ಕೊಂದು ರಿಟರ್ನ್ ಸಲ್ಲಿಸಿದರಾಯಿತು. ಇದು ಪುಕ್ಕಟೆಯಲ್ಲ. ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಖರೀದಿಯ ಮೇಲೆ ಕೊಟ್ಟ ತೆರಿಗೆ ಮರಳುವುದಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ. ಸಗಟು ವ್ಯಾಪಾರಕ್ಕೆ ಇದು ಒಗ್ಗದಿರಬಹುದು. ಮೂಲೆಯಂಗಡಿಗೆ ಬಿಟ್ಟುಕೊಟ್ಟ ಲಾಭಕ್ಕಿಂತ ಉಳಿದ ಹೊತ್ತೇ ದೊಡ್ಡದಾದೀತು.

ಲಾಭ ಸ್ವಲ್ಪ ಇಳಿದರೂ ಇಳಿಯಲಿ ಎನ್ನುವುದು ಸಾಲದ ಕಂತು ಕಟ್ಟುವವರಿಗೆ ಸುಲಭದ ಮಾತಲ್ಲ, ನಿಜ. ಅಂಥವರು ಮೊದಲು ಕೈಬಿಡಬೇಕಾದದ್ದು ಲಾಭವನ್ನಲ್ಲ, ಕಪಾಟಿನಲ್ಲಿ ಆರು ತಿಂಗಳಿಂದ ಧೂಳು ಹಿಡಿದು ಕೂತ ಸರಕನ್ನು. ಉಳಿದ ಸಂಜೆಯನ್ನು ಇನ್ನೊಂದು ಅಂಗಡಿ ಹೂಡಲು ಬಳಸುವವರೂ ಇದ್ದಾರೆ. ಅವರಿಗೆ ಯಾವ ಶುಕ್ರವಾರವೂ ಸಾಲದು.